ಬೂರುಗದ ಹಾಸಿಗೆ

“ಕೂಲಿಯವರ ಮಕ್ಕಳ ಹಾಗೆ ಚಾಪೆ ಮೇಲೆ ಮಲಗಿಸೋಕೆ ಈ ಮನೇಲಿ ಹಾಸಿಗೆಗೆ ಬರ ಬಂದಿದೆಯೇನೇ?” ತಿಮ್ಮಮ್ಮನ ದನಿ ಕಣದಲ್ಲಿ ಕಾಫಿ ಹರಡುತ್ತಿದ್ದವರಿಗೂ ಕೇಳಿಸಿತು.

ಸೊಸೆ ಶಾಲಿನಿ ಮೂರು ತಿಂಗಳ ಮಗುವನ್ನು ಎತ್ತಿಕೊಂಡು ತವರಿನಿಂದ ಆ ಬೆಳಿಗ್ಗೆಯಷ್ಟೇ ಮಲ್ಲಂದೂರಿಗೆ ಬಂದಿದ್ದಳು. ಅತ್ತೆ ಮಂಚದ ಮೇಲೆ ಹಾಸಿಟ್ಟಿದ್ದ ಹೊಸ ಹಾಸಿಗೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ನೆಲಕ್ಕೆ ಚಾಪೆ, ಅದರ ಮೇಲೊಂದು ತೆಳು ಜಮಖಾನ ಹಾಸಿ, ಮಗುವನ್ನು ಅಂಗಾತ ಮಲಗಿಸಿ ಪಕ್ಕದಲ್ಲಿ ತಾನೂ ಅಡ್ಡಾಗಿದ್ದಳು. ದಿಂಬಿಲ್ಲ, ಕಂಬಳಿಯಿಲ್ಲ.

ತಿಮ್ಮಮ್ಮನಿಗೆ ಉರಿದದ್ದು ಅದಕ್ಕೇ. ಸೊಸೆ ಬಸುರಿ ಎಂದು ತಿಳಿದ ಬೇಸಿಗೆಯಲ್ಲೇ ತೋಟದ ಅಂಚಿನ ಬೂರುಗದ ಮರದಿಂದ ಕಾಯಿ ಕೀಳಿಸಿ, ಬೀಜ ಬಿಡಿಸಿ, ಹತ್ತಿ ಒಣಗಿಸಿ ಅವಳೇ ಕೈಯಾರೆ ಹೊಲಿದ ಹಾಸಿಗೆ ಅದು. ಅಂಗೈ ಊರಿದರೆ ಮಣಿಕಟ್ಟಿನವರೆಗೆ ಇಳಿಯುವಷ್ಟು ಮೆತ್ತಗೆ. ಅಂಥದನ್ನು ಮೂಲೆಗೆ ನಿಲ್ಲಿಸಿ ಮೊಮ್ಮಗಳನ್ನು ನೆಲದಲ್ಲಿ ಮಲಗಿಸುವುದೆಂದರೇನು? ಓದಿದವರಿಗೆ ಹಿರಿಯರ ಕೈಕೆಲಸವೆಲ್ಲ ಕಸ ಎಂದಳು. ತವರಲ್ಲಿ ಕಲಿಸಿದ್ದು ಇದನ್ನೇ ಎಂದಳು. ಶಾಲಿನಿ ಎಲ್ಲ ಕೇಳಿಸಿಕೊಂಡು ಎದ್ದು ಕುಳಿತಳು.

“ಹಾಸಿಗೆ ಚೆನ್ನಾಗಿದೆ ಅತ್ತೆ. ಅವಳು ದೊಡ್ಡವಳಾದ ಮೇಲೆ ಇದರಲ್ಲೇ ಮಲಗಲಿ. ಈಗ ಇಷ್ಟು ಮೆತ್ತಗಿರೋದು ಬೇಡ. ಮಗುಚಿಕೊಂಡ್ರೆ ಮುಖ ಹೂತು ಹೋಗುತ್ತೆ. ಕತ್ತು ಎತ್ತೋ ಶಕ್ತಿ ಇರಲ್ಲ.”

“ನೀನು ಪಕ್ಕದಲ್ಲೇ ಇರ್ತೀಯಲ್ಲ. ಉಸಿರು ಕಟ್ಟಿದ್ರೆ ಮಗು ಕಿರುಚಲ್ವಾ?”

“ಇಲ್ಲ ಅತ್ತೆ. ಸದ್ದೇ ಬರಲ್ಲ ಅಂದ್ರು ನರ್ಸಮ್ಮ. ಮಗ್ಗುಲಲ್ಲಿದ್ದ ತಾಯಿಗೂ ಗೊತ್ತಾಗಲ್ವಂತೆ.”

ಇನ್ನೇನೋ ಹೇಳಲು ಬಾಯಿ ತೆರೆದಿದ್ದ ತಿಮ್ಮಮ್ಮ ಹಾಗೇ ಬರಿಮಂಚದ ಅಂಚಿಗೆ ಕೂತಳು. “ನನ್ನದೂ ಅಳಲಿಲ್ಲ,” ಎಂದಳು.

“ಯಾವುದು ಅತ್ತೆ?”

ಗಂಡ ರಾಜೀವನಿಗಿಂತ ಮೊದಲು ಒಂದು ಹೆಣ್ಣುಮಗು ಇತ್ತೆಂದು ಶಾಲಿನಿಗೆ ಯಾರೂ ಹೇಳಿರಲಿಲ್ಲ. ತಿಮ್ಮಮ್ಮ ಹೇಳಿದಳು. ಎರಡು ತಿಂಗಳ ಕೂಸು. ಇಂಥದೇ ಬೂರುಗದ ಹಾಸಿಗೆ. ಮಗ್ಗುಲಾಗಿ ಮಲಗಿಸಿದ್ದು ಬೆಳಗಾಗುವಾಗ ಬೋರಲಾಗಿತ್ತು. ಗೇಣು ದೂರದಲ್ಲಿದ್ದ ಹೆತ್ತವಳಿಗೇ ಕೇಳದಂತೆ ಮಗು ಹೋಗಬೇಕಾದರೆ ಅದು ದೃಷ್ಟಿಯೇ ಎಂದರು ಮನೆಯವರು. ಯಾರ ದೃಷ್ಟಿ ಎಂದು ಹುಡುಕುವುದು ಕಷ್ಟವಾಗಲಿಲ್ಲ. ಕಾಫಿ ಕೊಯ್ಯಲು ಬರುತ್ತಿದ್ದ ಹುಚ್ಚಮ್ಮ ಹಿಂದಿನ ದಿನ ಮಗುವನ್ನು ಎತ್ತಿಕೊಂಡು, ಎಷ್ಟು ಚಂದ ನಮ್ಮವ್ವ ಎಂದಿದ್ದಳು. ಮಕ್ಕಳಿಲ್ಲದವಳು, ಅಷ್ಟು ಸಾಕಾಯಿತು. ತೋಟದ ಕೂಲಿಯವರ ಲೈನ್ ಮನೆಯಿಂದ ಅವಳ ಪಾತ್ರೆ ಪಡಗವನ್ನು ಹೊರಗೆ ಎಸೆದದ್ದು ಬೇರೆ ಯಾರೂ ಅಲ್ಲ, ತಿಮ್ಮಮ್ಮನೇ. ಬಾಣಂತಿ ಮೈಗೆ ಅಷ್ಟು ಬಲ ಎಲ್ಲಿಂದ ಬಂದಿತ್ತೋ. ಮೂವತ್ತೆಂಟು ವರ್ಷವಾಯಿತು.

ಆ ಮಗುವಿಗೆ ಏನಾಗಿತ್ತೆಂದು ಈಗ ಯಾರೂ ಖಚಿತವಾಗಿ ಹೇಳಲಾಗದು ಎಂದು ಶಾಲಿನಿ ಸಮಾಧಾನ ಮಾಡಲು ನೋಡಿದಳು.

“ನನಗೆ ಗೊತ್ತಾಯ್ತು ಬಿಡು,” ಎಂದಳು ತಿಮ್ಮಮ್ಮ. ಮೂಲೆಯ ಹಾಸಿಗೆ ಮಗುವಿನ ಮೇಲೆ ಬಿದ್ದೀತೆಂದು ಅದನ್ನು ಎಳೆದುಕೊಂಡು ಹೋಗಿ ಜಗಲಿಗೆ ಹಾಕಿದಳು. ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ ಅತ್ತೆ?”

“ಜಾವಳಿಗೆ. ಹುಚ್ಚಮ್ಮ ಅಲ್ಲಿ ತಂಗಿ ಮಗನ ಮನೇಲಿದ್ದಾಳಂತೆ. ಅವಳು ಮುಟ್ಟಿದ್ದಕ್ಕೆ ಮಗು ಹೋಗಲಿಲ್ಲ ಅಂತ ಹೇಳಬೇಕು.”

“ಇವರು ಬರಲಿ, ಜೀಪಲ್ಲಿ ಕರ್ಕೊಂಡು ಹೋಗ್ತಾರೆ.”

“ಇದು ಜೀಪಲ್ಲಿ ಹೋಗೋ ಕೆಲಸ ಅಲ್ಲ ಮಾರಾಯ್ತಿ.”

“ಯಾವಾಗ ಬರ್ತೀರಿ?”

ತಿಮ್ಮಮ್ಮ ಆಗಲೇ ಮೆಟ್ಟಿಲಿಳಿದಿದ್ದಳು. “ಬಾಗಿಲಲ್ಲೇ ಕಳಿಸಿದ್ರೆ ಸಂಜೆ ಬಸ್ಸಿಗೆ ಬರ್ತೀನಿ. ಕೂತ್ಕೋ ಅಂದ್ರೆ ತಡ ಆಗುತ್ತೆ.”

ಸಂಜೆಯ ಬಸ್ಸು ಬಂದು ಹೋಯಿತು. ಶಾಲಿನಿ ಮಗುವನ್ನು ಎತ್ತಿಕೊಂಡು ಗೇಟಿನವರೆಗೆ ಹೋಗಿ ನೋಡಿದಳು. ತಿಮ್ಮಮ್ಮ ಇಳಿದಿರಲಿಲ್ಲ.