ನಿಂತ ತುತ್ತು

ಬಾಗಿಲಲ್ಲೇ ಚೀಲ ಬಿಟ್ಟು ಓಡಿಬಂದ ಸೊಸೆ ಅತ್ತೆಯ ಕೈ ಹಿಡಿದು ನಿಲ್ಲಿಸಿದಳು. ಅನ್ನದ ತುತ್ತು ಮೊಮ್ಮಗಳ ತುಟಿಯ ಹತ್ತಿರವೇ ನಿಂತಿತು. ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.

"ಯಾಕೇ, ಆರಿಸಿದ್ದೀನಲ್ಲ, ಬಿಸಿ ಇಲ್ಲ."

"ಬಿಸಿ ಅಂತಲ್ಲ ಅತ್ತೆ. ನಿಮ್ಮ ಪರೀಕ್ಷೆ ರಿಪೋರ್ಟ್ ಬಂತು. ಟೈಫಾಯ್ಡ್ ರೋಗಾಣು ನಿಮ್ಮ ಹೊಟ್ಟೇಲಿದೆ."

ಸೊಸೆ ಆರೋಗ್ಯ ಕೇಂದ್ರದ ನರ್ಸ್. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉಂಡವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದಾಗ ಮನೆಮನೆ ಸುತ್ತಿ ವಿಚಾರಿಸಿದವಳು, ನೀರು ಹಾಲು ಎಲ್ಲವನ್ನೂ ಪರೀಕ್ಷೆಗೆ ಕಳಿಸಿದವಳು ಅವಳೇ. ಕೊನೆಗೆ ಉಳಿದದ್ದು ಅಡುಗೆಯವರು. ಅಲ್ಲಿ ಸೌಟು ಹಿಡಿಯುತ್ತಿದ್ದವರು ಅತ್ತೆ.

"ನಂಗಾ? ನೆಗಡಿ ಕೂಡ ಬರಲ್ಲ, ಗುಂಡುಕಲ್ಲಿನ ಹಾಗಿದ್ದೀನಿ!"

"ಅದೇ ಕಷ್ಟ ನೋಡಿ. ಕೆಲವರಲ್ಲಿ ಅದು ವರ್ಷಗಟ್ಟಲೆ ಸುಮ್ನೆ ಇರುತ್ತೆ. ಅವರಿಗೇನೂ ಆಗಲ್ಲ, ಅವರ ಕೈಯಡುಗೆ ಉಂಡೋರಿಗೆ ಜ್ವರ ಬರುತ್ತೆ. ಮಾತ್ರೆ ಇದೆ, ವಾಸಿಯಾಗುತ್ತೆ. ಅಲ್ಲೀವರೆಗೆ ಅಡುಗೆ ಬೇಡ."

ಅತ್ತೆ ತುತ್ತನ್ನು ತಟ್ಟೆಗೆ ಹಾಕಿದರು. ತಮ್ಮ ಕೈಯನ್ನೇ ನೋಡುತ್ತಾ ಕುಳಿತರು.

"ವರ್ಷಗಟ್ಟಲೆ ಅಂದ್ಯಲ್ಲ... ಹಾಗಾದ್ರೆ ನಮ್ಮ ದೊಡ್ಡವನು? ಅವನೂ ಇವಳಷ್ಟಿದ್ದಾಗ ಇದೇ ಜ್ವರದಲ್ಲಿ ಹೋದ. ನಾನು ಉಣಿಸಿದ್ರೆ ಮಾತ್ರ ಬಾಯಿ ತೆರೀತಿದ್ದ ಕಣೇ."

ಜ್ವರ ಎಲ್ಲಿಂದ ಬಂತು ಎಂದು ಮನೆಮನೆಯಲ್ಲೂ ಬೆನ್ನುಬಿಡದೆ ಕೇಳಿದ್ದ ಸೊಸೆ ಈಗ ಅತ್ತೆಯನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಆ ಕೈಗೆ ಸೋಪು ಹಚ್ಚಿ, ಬೆರಳ ಸಂದು, ಉಗುರಿನ ಅಂಚು ಎಲ್ಲವನ್ನೂ ಮಗುವಿಗೆ ತೊಳೆಯುವ ಹಾಗೆ ತೊಳೆದಳು. ನೊರೆಯೆಲ್ಲ ಹರಿದುಹೋದ ಮೇಲೆ ನಲ್ಲಿ ನಿಲ್ಲಿಸಿದಳೇ ಹೊರತು, ಕೈ ಬಿಡಲಿಲ್ಲ.