ಅರವತ್ತೊಂದನೇ ಹಾಜರಿ

“ಕಾಲೇಜಿನಲ್ಲಿ ನಿಮ್ಮ ಮೇಲೆ ಎಂದಾದರೂ ಶಿಸ್ತು ಕ್ರಮ ಜರುಗಿದೆಯೇ?” ಎಂ.ಎ. ಅರ್ಜಿಯ ಹದಿನೇಳನೇ ಪ್ರಶ್ನೆಯನ್ನು ತಾನು ಓದಿದ ಕಾಲೇಜಿನ ಗುಮಾಸ್ತರ ಮುಂದಿಟ್ಟು ಅವಳು ಉಗುರು ಕಚ್ಚುತ್ತಾ ನಿಂತಳು. “ಇಲ್ಲ ಅಂತ ಬರೆದು ಬಿಸಾಕು, ಯಾರು ಬಂದು ನೋಡ್ತಾರೆ?” ಎಂದು ಅಣ್ಣ ಬೆಳಿಗ್ಗೆಯೇ ಹೇಳಿದ್ದ. ಆದರೆ ಸುಳ್ಳು ಹೇಳಿದರೆ ಸೀಟು ರದ್ದು ಎಂದು ಅರ್ಜಿಯ ಕೊನೆಗೆ ದಪ್ಪಕ್ಷರದಲ್ಲಿತ್ತು. ಆ ಸೀಟಿಗಾಗಿ ಅವಳು ಎರಡು ವರ್ಷ ಕಾದಿದ್ದಳು.

“ಅಂಥ ಘನಕಾರ್ಯ ಏನಮ್ಮಾ ಮಾಡಿದ್ದು?” ಹಲಗೆ ಗೋಡೆಯಾಚೆ ಇತಿಹಾಸದ ಮೇಷ್ಟ್ರು ಹಾಜರಿ ಕರೆಯುತ್ತಿದ್ದುದರಿಂದ ಗುಮಾಸ್ತರು ದನಿ ತಗ್ಗಿಸಿದರು.

“ಬೂದಿಗೆ ಹಾಜರಿ ಹಾಕಿಸಿದ್ದೆ ಸರ್.”

ಬೂದಿ ಎಂದರೆ ಕ್ಯಾಂಟೀನಿನ ಬೆಕ್ಕು. ಮೇಷ್ಟ್ರು ಹಾಜರಿ ಪುಸ್ತಕದಿಂದ ತಲೆ ಎತ್ತಿದವರೇ ಅಲ್ಲ. ಅವರ ಅರವತ್ತು ಹೆಸರುಗಳ ಕೆಳಗೆ ಅವಳು ಇನ್ನೊಂದು ಸೇರಿಸಿದಳು, ದಿನವೂ ದನಿ ಬದಲಿಸಿ ತಾನೇ “ಯೆಸ್ ಸರ್” ಎಂದಳು. ವರ್ಷದ ಕೊನೆಗೆ ಮೇಷ್ಟ್ರು ತುಂಬಿದ ಸಭೆಯಲ್ಲಿ ಅತಿ ಹೆಚ್ಚು ಹಾಜರಿಯ ಬಹುಮಾನಕ್ಕೆ ಬೂದಿಯನ್ನು ವೇದಿಕೆಗೆ ಕರೆದರು. ಸಭೆ ಬಿದ್ದು ಬಿದ್ದು ನಕ್ಕಿತು. ಒಂದು ವಾರ ಅವಳನ್ನು ಹೊರಹಾಕಿ, ಇದು ನಿನ್ನ ಫೈಲಿನಲ್ಲಿ ಜನ್ಮಪೂರ್ತಿ ಇರುತ್ತೆ ಎಂದು ಮೇಷ್ಟ್ರು ಗುಡುಗಿದ್ದರು. ಆ ಫೈಲಿನ ಹೆದರಿಕೆ ಇಂದಿಗೂ ಹೋಗಿರಲಿಲ್ಲ.

ಗುಮಾಸ್ತರು ದಪ್ಪನೆಯ ಪುಸ್ತಕ ತೆಗೆದು, ಧೂಳು ಕೊಡವಿ, ಒಂದು ಪುಟ ಅವಳತ್ತ ತಿರುಗಿಸಿದರು. “ಓದು.”

“ಕುಮಾರಿ ಬೂದಿ, ಕ್ರಮಸಂಖ್ಯೆ ಅರವತ್ತೊಂದು. ದುರ್ನಡತೆಗಾಗಿ ಒಂದು ವಾರ ತರಗತಿಗೆ ಪ್ರವೇಶವಿಲ್ಲ.” ಅವಳ ಹೆಸರು ಎಲ್ಲೂ ಇರಲಿಲ್ಲ. “ಸರ್, ತಪ್ಪಾಗಿ ಬರೆದುಬಿಟ್ಟಿದ್ದೀರಿ!”

“ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಒಂದು ಹೆಸರೂ ತಪ್ಪು ಬರೆದಿಲ್ಲ ಕಣಮ್ಮಾ,” ಎಂದರು ಗುಮಾಸ್ತರು ನಗದೆ. “ಮೇಷ್ಟ್ರು ಓದದೆ ಸಹಿ ಹಾಕಿದ್ರು. ಇಲ್ಲ ಅಂತ ಬರೆದು ಹೋಗು. ಬೆಕ್ಕೇನೂ ಎಂ.ಎ.ಗೆ ಅರ್ಜಿ ಹಾಕಲ್ಲ.”

ಅವಳಿಗೆ ಕುಣಿಯಬೇಕೆನಿಸಿತು. ಪೆನ್ನು ‘ಇಲ್ಲ’ದವರೆಗೆ ಹೋಗಿ ಅಲ್ಲೇ ನಿಂತಿತು. ಪುಸ್ತಕದಲ್ಲಿ ಏನೇ ಇರಲಿ, ಆ ವಾರವೆಲ್ಲ ಅಣ್ಣನಿಂದ ಬೈಸಿಕೊಂಡು ಮನೆಯಲ್ಲಿ ಕೂತವಳು ತಾನೇ. ಅದೂ ಅಲ್ಲದೆ, ಮೂರು ವರ್ಷದ ಕಾಲೇಜಿನಲ್ಲಿ ನಿಜವಾಗಿ ತಲೆ ಓಡಿಸಿ ಮಾಡಿದ್ದು ಅದೊಂದೇ ಕೆಲಸ. ಅದನ್ನೂ ಬೆಕ್ಕಿನ ಹೆಸರಿಗೆ ಬಿಟ್ಟುಕೊಡುವುದೇ? ‘ಹೌದು’ ಎಂದು ಗುರುತು ಹಾಕಿ, ನಡೆದದ್ದನ್ನು ಒಂದೂ ಬಿಡದೆ ಬರೆದಳು.

ಗುಮಾಸ್ತರು ಅರ್ಜಿ ಎಳೆದುಕೊಂಡು ಓದಿದರು. “ಸೀಟು ಹೋದ್ರೆ ನನ್ನ ಬೈಬೇಡ. ಆದ್ರೆ ಇದೊಂದು ತಿದ್ದು. ಬೂದಿಯ ಹಾಜರಿ ಶೇಕಡಾ ತೊಂಬತ್ತೆರಡಲ್ಲ, ತೊಂಬತ್ತಾರು.”

“ಅದು ಹೇಗೆ ಸರ್? ನನ್ನದೇ ತೊಂಬತ್ತೆರಡು. ನಾನು ಬಾರದ ದಿನ ಅದರ ಪರವಾಗಿ ಯೆಸ್ ಸರ್ ಅನ್ನೋರು ಯಾರಿದ್ದರು?”

ಹಲಗೆಯಾಚೆ ಮೇಷ್ಟ್ರು ಅರವತ್ತನೇ ಹೆಸರು ಕರೆದರು. ಗುಮಾಸ್ತರು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡರು.