ಬೆಡ್‌ಶೀಟಿನ ಕೆಳಗಿನ ಎಂಜಿನ್

"ಕೆಳಗೆ ಸಾಗಿಸಲಿಕ್ಕೆ ಪುರುಸೊತ್ತಿಲ್ಲ. ಹಾಲ್‌ನ ಮೂಲೆಯಲ್ಲಿಟ್ಟು ಮುಚ್ಚಿಬಿಡುವ," ಎಂದರು ದಯಾನಂದ.

ಹುಡುಗಿಯ ಕಡೆಯವರು ಠಾಣೆ ನಗರದಿಂದ ಹೊರಟಾಗಿತ್ತು. ಮನೆ ನೋಡಲು ಬರುವವರು ಬೆಡ್‌ರೂಮಿಗೂ ಇಣುಕುತ್ತಾರೆ. ಐರೋಲಿಯ ಆ ಫ್ಲ್ಯಾಟಿನ ಬೆಡ್‌ರೂಮಿನಲ್ಲಿ, ಮಂಚದ ಪಕ್ಕ, ಗುಜರಿಯಿಂದ ತಂದ ಕಾರಿನ ಎಂಜಿನ್ ಒಂದು ಕೂತಿತ್ತು. ಮಂಚದಡಿಗೆ ಅದು ಹಿಡಿಸುವುದಿಲ್ಲ; ಅಲ್ಲಿ ಬಿಚ್ಚಿಟ್ಟ ಬಿಡಿಭಾಗಗಳಷ್ಟೇ ಹಿಡಿಸಿದ್ದವು.

ದಯಾನಂದ ಒಂದು ಕಡೆ, ಮಗ ಸೂರಜ್ ಇನ್ನೊಂದು ಕಡೆ ಹಿಡಿದು ಎತ್ತಿದರು. ಹೆಂಡತಿ ಪುಷ್ಪಾವತಿ ಹಿಮ್ಮುಖವಾಗಿ ನಡೆಯುತ್ತ ದಾರಿ ತೋರಿಸಿದರು. "ಮೆಲ್ಲ, ಮೆಲ್ಲ. ಬಾಗಿಲಿಗೆ ತಾಗಿಸಬೇಡಿ."

"ಬಾಗಿಲಿನ ಚಿಂತೆ ನಿನಗೆ," ಎಂದು ದಯಾನಂದ ಏದುಸಿರು ಬಿಟ್ಟರು. "ನನ್ನ ಸೊಂಟದ ಚಿಂತೆ ಯಾರಿಗೂ ಇಲ್ಲ."

ಎಂಜಿನ್‌ಗೆ ಹೆಚ್ಚು ಗಾಳಿ ನುಗ್ಗಿಸುವ ಟರ್ಬೊ ಕೂರಿಸಿ ಡ್ರ್ಯಾಗ್ ರೇಸಿಗೆ ಇಳಿಸುವುದು ಈ ಮನೆಯ ಯೋಜನೆ. ನೇರ ರಸ್ತೆಯಲ್ಲಿ ಇಬ್ಬರು ಒಟ್ಟಿಗೆ ಹೊರಟು, ಯಾರು ಮೊದಲು ಕೊನೆ ಮುಟ್ಟುತ್ತಾರೆ ಎಂಬ ಓಟ. ಸೀನು ಬಂದರೆ ಆ ಸೀನು ಮುಗಿಯುವಷ್ಟರಲ್ಲಿ ರೇಸು ಮುಗಿದಿರುತ್ತದೆ. ಅಷ್ಟಕ್ಕೇ ತಿಂಗಳುಗಟ್ಟಲೆ ಲೆಕ್ಕಾಚಾರ: ಯಾವ ಪಿಸ್ಟನ್, ಎಷ್ಟು ದಪ್ಪದ ಗ್ಯಾಸ್ಕೆಟ್, ಟರ್ಬೊ ಎಷ್ಟು ದೊಡ್ಡದಿರಬೇಕು. ಊಟದ ತಟ್ಟೆಯ ಪಕ್ಕ ಅದೇ, ಟಿವಿ ಮುಂದೆ ಅದೇ. ಕಲ್ಯಾಣ ಊರಿನ ಒಂದು ಸಂಬಂಧ ತಪ್ಪಿದ್ದೂ ಇದರಿಂದಲೇ. ಎಂಜಿನ್ ನೋಡಿದ ಆ ಹುಡುಗಿಯ ತಾಯಿ ಚಹಾ ಕುಡಿಯದೆ ಎದ್ದು ಹೋಗಿದ್ದರು.

"ಈ ಸಂಬಂಧ ಕುದುರುವವರೆಗೆ ಸ್ಪ್ಯಾನರ್ ಮುಟ್ಟಬಾರದು. ಕೇಳಿಸಿತಾ?" ಎಂದರು ದಯಾನಂದ, ಎಂಜಿನ್ ಇಳಿಸಿ.

ಸೂರಜ್ ತಲೆ ತಗ್ಗಿಸಿ ನಿಂತ. ಠಾಣೆಯ ಕೆರೆಯ ಬಳಿ ಒಮ್ಮೆ ಭೇಟಿಯಾದಾಗಲೇ ಹುಡುಗಿ ನಿಶ್ಮಿತಾ ಅವನಿಗೆ ಮೆಚ್ಚಿಗೆಯಾಗಿದ್ದಳು. ಇದೂ ತಪ್ಪಿದರೆ ತಡೆದುಕೊಳ್ಳುವುದು ಕಷ್ಟವಿತ್ತು.

"ಅರ್ಧದಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಪಾಪ," ಎಂದರು ಪುಷ್ಪಾವತಿ.

"ನನ್ನ ಮರ್ಯಾದೆಗೆ ಆಗಲೇ ಹಿಡಿದಿದೆ." ದಯಾನಂದ ಬೆಡ್‌ಶೀಟ್ ಹೊದಿಸಿ, ಮೇಲೆ ಹೂದಾನಿ ಇಟ್ಟರು. ದೂರದಿಂದ ನೋಡಿದರೆ ಟೀಪಾಯಿ. ಟರ್ಬೊ ಅಕ್ಕಿ ಡ್ರಮ್ಮಿನೊಳಗೆ ಹೋಯಿತು.

ಬಂದವರು ಮೂವರು. ಹೋಟೆಲು ನಡೆಸುವ ಚೆನ್ನಯ, ಅವರ ಹೆಂಡತಿ ಮೋಹಿನಿ, ಮತ್ತು ತುರ್ಭೆಯ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್ ಆಗಿರುವ ಮಗಳು ನಿಶ್ಮಿತಾ. ಸೂರಜನೇ ಚಹಾ ತಂದುಕೊಟ್ಟ. ಪುಷ್ಪಾವತಿ ಸೆರಗಿನೊಳಗೆ ಕೈ ಸುತ್ತಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು.

ಮೋಹಿನಿಗೆ ಹುಡುಗ ಹಿಡಿಸಿದ. "ಬ್ಯಾಂಕಿನವರಲ್ಲವಾ, ಬೆರಳು ಎಷ್ಟು ಸ್ವಚ್ಛ ನೋಡಿ," ಎಂದು ಗಂಡನ ಕಿವಿಯಲ್ಲಿ ಹೇಳಿದರು. ಎಲ್ಲರಿಗೂ ಕೇಳಿಸಿತು.

ಆಗ ಚೆನ್ನಯರ ಫೋನು ಬಡಿದುಕೊಂಡಿತು. ಏಳಲು ಅವರು ಪಕ್ಕದ ಟೀಪಾಯಿಗೆ ಕೈ ಊರಿದರು. ಬೆಡ್‌ಶೀಟ್ ಜಾರಿತು. ಹೂದಾನಿ ಉರುಳಿತು. ಚೆನ್ನಯರ ನಾಲ್ಕು ಬೆರಳು ಸಿಲಿಂಡರಿನ ತೂತಿನೊಳಗೆ ಇಳಿದುಹೋದವು.

"ಇದೆಂತದು ಮಾರಾಯ್ರೆ?"

ದಯಾನಂದ ಬಗ್ಗಿ ಹೂದಾನಿ ಹೆಕ್ಕಿದರು. ಪುಷ್ಪಾವತಿಯ ಮುಖ ಬಿಳಿಚಿತು. ಅದನ್ನು ನೋಡಿ ಸೂರಜ್ ಎದ್ದು ನಿಂತ.

"ನನ್ನದು. ಡ್ರ್ಯಾಗ್ ರೇಸಿಗೆ. ನಾನೇ ಮಾಡುತ್ತಿದ್ದೇನೆ."

ಮೋಹಿನಿ ಚಹಾದ ಕಪ್ಪು ಕೆಳಗಿಟ್ಟರು. ಕಲ್ಯಾಣದವರು ಇಟ್ಟ ಹಾಗೆಯೇ.

ನಿಶ್ಮಿತಾ ಮಾತ್ರ ಮುಂದೆ ಬಗ್ಗಿ ನೋಡಿದಳು. "ಟರ್ಬೊ ಹಾಕುತ್ತೀರಾ?"

"ಹೌದು. ದೊಡ್ಡದೇ."

"ಕಂಪ್ರೆಷನ್ ಎಷ್ಟು ಇಟ್ಟಿದ್ದೀರಿ?"

ಸೂರಜ್ ಅಪ್ಪನ ಕಡೆ ನೋಡಿದ. ಅಪ್ಪ ಫ್ಯಾನಿನ ಕಡೆ ನೋಡಿದರು. "ಫುಲ್," ಎಂದ ಸೂರಜ್.

"ಫುಲ್ ಅಂದರೆ?"

"ಹದಿನಾಲ್ಕು. ಬೇಕಾದರೆ ಇನ್ನೂ ಜಾಸ್ತಿ ಮಾಡಬಹುದು."

"ಅಷ್ಟಕ್ಕೆ ಟರ್ಬೊ ಹಾಕಿದರೆ ಎಂಜಿನ್ ಒಡೆದುಹೋಗುವುದಿಲ್ಲವಾ?" ಎಂದಳು ನಿಶ್ಮಿತಾ.

"ಎಂಟೂವರೆ," ಎಂದರು ಪುಷ್ಪಾವತಿ.

ಎಲ್ಲರೂ ಅತ್ತ ತಿರುಗಿದರು.

"ಅಲ್ಲ, ನೀವು ಮನೆ ಮುಟ್ಟುವಾಗ ಎಂಟೂವರೆ ಆಗುತ್ತದೋ ಏನೋ, ಟ್ರೇನಿನಲ್ಲಿ ರಶ್ ಇರುತ್ತದಲ್ಲ, ಅಂದೆ," ಎಂದು ಅವರು ಸೆರಗನ್ನು ಇನ್ನಷ್ಟು ಬಿಗಿದುಕೊಂಡರು.

"ನಾವು ಕಾರಲ್ಲಿ ಬಂದದ್ದು," ಎಂದರು ಚೆನ್ನಯ, ಬೆರಳು ಒರೆಸಿಕೊಳ್ಳುತ್ತ.

ನಿಶ್ಮಿತಾ ಪುಷ್ಪಾವತಿಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದಳು. "ಒಳಗೆ ಹೋಗಿ ಸ್ವಲ್ಪ ಮಾತಾಡಬೇಕಿತ್ತು."

ಸೂರಜ್ ಅಂಗಿ ಸರಿಮಾಡಿಕೊಂಡು ಎರಡು ಹೆಜ್ಜೆ ಇಟ್ಟ.

"ನೀವು ಕೂತ್ಕೊಳ್ಳಿ. ಆಂಟಿ, ನೀವು ಬನ್ನಿ."

ಬೆಡ್‌ರೂಮಿನ ಬಾಗಿಲು ಹಾಕಿಕೊಂಡಿತು. ಹುಡುಗನ ಬಗ್ಗೆ ವಿಚಾರಣೆ ನಡೆಯುತ್ತಿದೆ ಎಂದು ದಯಾನಂದ ಊಹಿಸಿದರು. "ಹುಡುಗ ಒಳ್ಳೆಯವನು. ಈ ಹುಚ್ಚು ಮದುವೆಯಾದರೆ ಇಳಿಯುತ್ತದೆ," ಎಂದು ಚೆನ್ನಯ ಸಮಾಧಾನ ಹೇಳಿದರು. "ನಾನೂ ಹಾಗೆಂದೇ ತಿಳಿದಿದ್ದೆ," ಎಂದರು ದಯಾನಂದ. "ಮದುವೆಯಾದ ಮೇಲೆಯೇ ಜಾಸ್ತಿಯಾಯಿತು."

ಚೆನ್ನಯರಿಗೆ ಅರ್ಥವಾಗಲಿಲ್ಲ. ಒಳಗಿನಿಂದ ಮೊದಲು ಪಿಸುಮಾತು, ಆಮೇಲೆ ನಗು, ಆಮೇಲೆ ಲೋಹಕ್ಕೆ ಲೋಹ ತಾಗಿದ ಸದ್ದು ಕೇಳಿಸಿತು. ಸೂರಜ್ ಕಣ್ಣು ಮುಚ್ಚಿ ಕೂತಿದ್ದ. ಅವನ ಪಾಲಿಗೆ ಎಲ್ಲ ಮುಗಿದಿತ್ತು.

ಬಾಗಿಲು ತೆರೆಯಿತು. ಇಬ್ಬರ ಕೈಗಳೂ ಮೊಣಕೈವರೆಗೆ ಕಪ್ಪಾಗಿದ್ದವು.

"ಪಪ್ಪಾ, ಎಂಜಿನ್ ಕಟ್ಟುತ್ತಿರುವವರು ಅತ್ತೆ," ಎಂದಳು ನಿಶ್ಮಿತಾ. "ಅವರು ನನಗೆ ಪಕ್ಕಾ ಒಪ್ಪಿಗೆ. ಹುಡುಗನೂ ಜೊತೆಗೆ ಬರುವುದಾದರೆ ಬರಲಿ."